ದೊಡ್ಡಪ್ಪನ ಮನೆಗೆ ಇಂಟರ್ನೆಟ್ ಎಳೆದದ್ದು

ಕೇಬಲ್ ಹುಡುಗ ಮೋಡೆಮ್ ಕೂರಿಸಿದ. ಲ್ಯಾಪ್‌ಟಾಪಿಗೆ ವಯರ್ ಸಿಕ್ಕಿಸಿ ಒಂದು ವಿಡಿಯೋ ಓಡಿಸಿ ತೋರಿಸಿದ. ಬೈಕ್ ಹತ್ತುವಾಗ ಹೇಳಿದ, "ಅಣ್ಣ, ಇದಕ್ಕೆ ಒಂದೇ ಡಿವೈಸ್. ಇನ್ನೊಂದು ಸಿಕ್ಕಿಸಿದ್ರೆ ಬರಲ್ಲ." ಆಗಲಿ ಅಂದೆ. ಮನೆಯಲ್ಲಿ ಆಗಲೇ ನಾಲ್ಕು ಫೋನ್, ಎರಡು ಲ್ಯಾಪ್‌ಟಾಪ್, ಒಂದು ಟಿವಿ ಇದ್ದವು. ಕೆಳಗೆ ದೊಡ್ಡಪ್ಪನ ಮನೆಯಲ್ಲಿ ಇನ್ನೂ ಮೂರು ಫೋನ್.

ನಮ್ಮದು ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ರಸ್ತೆ ಬಿಟ್ಟು ಒಳಗೆ ಹೋಗಬೇಕಾದ ಊರು. ಒಂದೇ ತೋಟದಲ್ಲಿ ಎರಡು ಮನೆ. ಮೇಲೆ ನಮ್ಮದು, ಕಾಫಿ ಕಣದ ಆಚೆ ದೊಡ್ಡಪ್ಪನದು. ನಡುವೆ 70 ಮೀಟರ್ ಇರಬಹುದು. ಮೊಬೈಲ್ ಸಿಗ್ನಲ್ ಬೇಕಾದರೆ ಕಣದ ಮೂಲೆಯ ನೀರಿನ ಟ್ಯಾಂಕ್ ಪಕ್ಕ ನಿಲ್ಲಬೇಕು. ಬೆಂಗಳೂರಿನಲ್ಲಿರುವ ಮೊಮ್ಮಗಳ ಜೊತೆ ದೊಡ್ಡಪ್ಪ ಮಾತಾಡುವುದು ಅಲ್ಲೇ, ಕೊಡೆ ಹಿಡಿದುಕೊಂಡು. ಟಿವಿ ಕೇಬಲ್ ಕೊಡುತ್ತಿದ್ದವರು ಅದೇ ತಂತಿಯಲ್ಲಿ ಇಂಟರ್ನೆಟ್ ಕೊಡಲು ಶುರು ಮಾಡಿದಾಗ ನಾನು ಮೊದಲು ಯೋಚಿಸಿದ್ದು ಆ ಕೊಡೆಯನ್ನೇ.

ಅಂಗಡಿಯಲ್ಲಿ ಸಿಗುವ ಒಂದು ವೈಫೈ ರೂಟರ್ ತಂದಿದ್ದರೆ ಕೆಲಸ ಆಗುತ್ತಿತ್ತು. ತಂದೂ ಇದ್ದೆ. ಎರಡು ದಿನಕ್ಕೊಮ್ಮೆ ಅದು ಸುಮ್ಮನೆ ಕೂತುಬಿಡುತ್ತಿತ್ತು. ಯಾಕೆ ಅಂತ ಕೇಳಿದರೆ ಹೇಳುವ ಬಾಯಿ ಅದಕ್ಕಿಲ್ಲ. ಅಟ್ಟದ ಮೇಲೆ ಒಂದು ಹಳೇ ಡೆಸ್ಕ್‌ಟಾಪ್ ಇತ್ತು, ವಿಂಡೋಸ್ ಜಾಗದಲ್ಲಿ ಹಾಕಬಹುದಾದ ಲಿನಕ್ಸ್ ನನಗೆ ಅಲ್ಪಸ್ವಲ್ಪ ಗೊತ್ತಿತ್ತು. ಆ ಡಬ್ಬವನ್ನೇ ರೂಟರ್ ಮಾಡೋಣ ಅಂತ ಹೊರಟೆ. ಹೆಂಡತಿ ಅದನ್ನು ಹುಚ್ಚು ಅಂದಳು. ಪೂರ್ತಿ ತಪ್ಪೂ ಅಲ್ಲ.

ಬೇಕಾದದ್ದು ಹೆಚ್ಚೇನಿಲ್ಲ. ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಿಂಡಿ ಇರಬೇಕು. ಒಂದು ಮೋಡೆಮ್ ಕಡೆಗೆ, ಇನ್ನೊಂದು ಮನೆ ಕಡೆಗೆ. ಒಂದು ಬೋರ್ಡಿನಲ್ಲೇ ಇತ್ತು. ಇನ್ನೊಂದಕ್ಕೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ಕಾರ್ಡ್ ತರಿಸಿದೆ. ಲಿನಕ್ಸಿನದೇ ಒಂದು ಬಗೆಯಾದ ಡೆಬಿಯನ್ 12 ಹಾಕಿದೆ, ಪರದೆಯ ಅಲಂಕಾರ ಯಾವುದೂ ಇಲ್ಲದ ಬರೀ ಅಕ್ಷರದ ಅವತಾರ. ಮನೆ ಕಡೆಯ ಕಿಂಡಿಗೆ 192.168.10.1 ಅಂತ ವಿಳಾಸ ಕೊಟ್ಟೆ. ಎಲ್ಲರ ಹಾಗೆ 192.168.1.1 ಇಡಬಹುದಿತ್ತು. ಆದರೆ ಅರ್ಧ ಲೋಕದ ಡಬ್ಬಗಳು ಅದೇ ವಿಳಾಸ ಇಟ್ಟುಕೊಂಡಿರುತ್ತವೆ. ನಾಳೆ ಇನ್ನೊಂದು ಡಬ್ಬ ಬಂದು ಸೇರಿದರೆ ಎರಡೂ ಹೊಡೆದಾಡುತ್ತವೆ.

ಮೋಡೆಮ್ ವಯರನ್ನು ಲ್ಯಾಪ್‌ಟಾಪಿನಿಂದ ಕಿತ್ತು ಡಬ್ಬಕ್ಕೆ ಹಾಕಿದೆ. ಏನೂ ಬರಲಿಲ್ಲ.

ಆ ರಾತ್ರಿ ಒಂದು ಗಂಟೆವರೆಗೆ ಕೂತಿದ್ದೆ. ವಯರಿನಲ್ಲಿ ಏನು ಹೋಗುತ್ತಿದೆ ಅಂತ ತೋರಿಸುವ ಟಿಸಿಪಿಡಂಪ್ ಓಡಿಸಿದರೆ ನನ್ನ ಡಬ್ಬ "ನನಗೊಂದು ವಿಳಾಸ ಕೊಡಿ" ಅಂತ ಕೂಗುತ್ತಲೇ ಇತ್ತು. ಆಚೆಯಿಂದ ಹೂಂ ಇಲ್ಲ, ಉಹೂಂ ಇಲ್ಲ. ಕಾರ್ಡ್ ಬದಲಾಯಿಸಿದೆ, ವಯರ್ ಬದಲಾಯಿಸಿದೆ. ಲ್ಯಾಪ್‌ಟಾಪ್ ಮತ್ತೆ ಹಾಕಿದರೆ ಅರೆಕ್ಷಣದಲ್ಲಿ ಬರುತ್ತದೆ! ಕೊನೆಗೆ ಕೇಬಲ್ ಹುಡುಗನ ಮಾತು ನೆನಪಾಯಿತು. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ಗುರುತು ಇರುತ್ತದೆ, ಮ್ಯಾಕ್ ಅಡ್ರೆಸ್. ಕೇಬಲ್ ಮೋಡೆಮ್ ಆನ್ ಆದಮೇಲೆ ಮೊದಲು ಕಂಡ ಗುರುತನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ಡಿವೈಸ್ ಅಂತ ಹೇಳಿದ್ದರೆ, ಆಮೇಲೆ ಬಂದವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮೋಡೆಮ್‌ನ ಕರೆಂಟ್ ತೆಗೆದು, ಎರಡು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಈ ಸಲ ಅದು ಮೊದಲು ಕಂಡದ್ದು ನನ್ನ ಡಬ್ಬವನ್ನು. ವಿಳಾಸ ಬಂತು. ಎರಡು ನಿಮಿಷದ ಕೆಲಸಕ್ಕೆ ಐದು ಗಂಟೆ ಕೂತಿದ್ದೆ. ಕೆಲವು ಕಡೆ ಕಂಪನಿಯವರೂ ತಮ್ಮ ಕಡೆ ಆ ಗುರುತನ್ನು ಬರೆದಿಟ್ಟುಕೊಂಡಿರುತ್ತಾರೆ. ಅಲ್ಲಿ ಮೋಡೆಮ್ ಆರಿಸಿದರೆ ಸಾಲದು, ಫೋನ್ ಮಾಡಿ ಹೇಳಿ ಬದಲಾಯಿಸಿಕೊಳ್ಳಬೇಕು. ಇಲ್ಲವೇ ಡಬ್ಬಕ್ಕೆ ಲ್ಯಾಪ್‌ಟಾಪಿನ ಗುರುತನ್ನೇ ತೊಡಿಸಬೇಕು. ಲಿನಕ್ಸಿನಲ್ಲಿ ಅದು ಒಂದು ಸಾಲಿನ ಕೆಲಸ.

ಇನ್ನು ಹಂಚುವುದು. ನಮ್ಮ ಕಡೆಯ ತೋಟಗಳಲ್ಲಿ ರೈಟರ್ ಅಂತ ಒಬ್ಬರಿರುತ್ತಾರಲ್ಲ, ಲೆಕ್ಕ ಬರೆಯುವವರು. ದೊಡ್ಡಪ್ಪ ಸಣ್ಣವರಿದ್ದಾಗ ಲೈನ್‌ಮನೆಗಳಲ್ಲಿದ್ದ ಕೆಲಸಗಾರರ ಟಪ್ಪಾಲೆಲ್ಲ ಅವರ ಕೈಯಿಂದಲೇ ಹೋಗುತ್ತಿತ್ತಂತೆ. ಕಾಗದದ ಮೇಲೆ ತೋಟದ ವಿಳಾಸ ಒಂದೇ. ಯಾರು ಯಾವ ಊರಿಗೆ ಬರೆದರು ಅಂತ ರೈಟರ್ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಉತ್ತರ ಬಂದಾಗ ಪುಸ್ತಕ ನೋಡಿ ಅವರವರ ಮನೆಗೆ ಕಳಿಸುತ್ತಿದ್ದರು. ಹೊರಗಿನವರಿಗೆ ಲೈನಿನಲ್ಲಿ ಎಷ್ಟು ಮನೆ ಇದೆ ಅಂತ ಗೊತ್ತೇ ಆಗುವುದಿಲ್ಲ. ಲಿನಕ್ಸಿನಲ್ಲಿ ಇದರ ಹೆಸರು ಮಾಸ್ಕರೇಡ್, ಅಂದರೆ ವೇಷ. ಎರಡೂ ಮನೆಯ ಹತ್ತು ಡಿವೈಸೂ ಒಂದೇ ವಿಳಾಸದ ವೇಷ ಹಾಕಿ ಹೊರಗೆ ಹೋಗುತ್ತವೆ. ಪುಸ್ತಕ ಬರೆಯುವುದು ಕರ್ನೆಲ್, ಅಂದರೆ ಲಿನಕ್ಸಿನ ತಿರುಳು.

ಮಾಡಬೇಕಾದ್ದು ಇಷ್ಟೇ. ಐಪಿ ಫಾರ್ವರ್ಡ್ ಅಂತ ಒಂದು ಸೊನ್ನೆ ಇರುತ್ತದೆ, ಅದನ್ನು 1 ಮಾಡಬೇಕು. ಮಾಡದಿದ್ದರೆ ಒಂದು ಕಿಂಡಿಯಿಂದ ಬಂದದ್ದನ್ನು ಕರ್ನೆಲ್ ಇನ್ನೊಂದಕ್ಕೆ ದಾಟಿಸುವುದಿಲ್ಲ. ಆಮೇಲೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ಬರೆಯುವ ಎನ್‌ಎಫ್‌ಟೇಬಲ್ಸ್‌ನಲ್ಲಿ ನಾಲ್ಕು ನಿಯಮ. ಮನೆಯಿಂದ ಹೊರಗೆ ಹೋಗುವುದು ಹೋಗಲಿ. ಅದಕ್ಕೆ ಉತ್ತರವಾಗಿ ಬಂದದ್ದು ಒಳಗೆ ಬರಲಿ. ಹೊರಗಿನಿಂದ ತಾನಾಗಿ ಬಂದದ್ದು ಬಾಗಿಲಲ್ಲೇ ಬೀಳಲಿ. ಹೊರಗೆ ಹೋಗುವಾಗ ವೇಷ ಹಾಕಿಕೊಳ್ಳಲಿ. ಹಳಬರು ಇದನ್ನೇ ಐಪಿಟೇಬಲ್ಸ್‌ನಲ್ಲಿ ಬರೆಯುತ್ತಿದ್ದರು. 2014ರಲ್ಲಿ ಬಂದ 3.13 ಕರ್ನೆಲ್‌ನಿಂದ ಈ ಹೊಸದು ಇದೆ. ಫೋನುಗಳಿಗೆ ವಿಳಾಸ ಹಂಚಲು, ಹೆಸರು ಹುಡುಕಿಕೊಡಲು ಡಿಎನ್‌ಎಸ್‌ಮಾಸ್ಕ್ ಅನ್ನುವ ಸಣ್ಣ ಪ್ರೋಗ್ರಾಂ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಕೂತವನು ಊಟದ ಹೊತ್ತಿಗೆ ಎದ್ದೆ. ಲಿನಕ್ಸಿನ ಕೆಲಸ ಅಲ್ಲಿಗೆ ಮುಗಿದಿತ್ತು. ಇದರ ಮುಂದಿನದ್ದಕ್ಕೆ ಒಂದು ವರ್ಷ ಹಿಡಿಯಿತು.

ವೈಫೈಗೆ ಆ ಕೂತುಬಿಡುವ ರೂಟರನ್ನೇ ಉಳಿಸಿಕೊಂಡೆ. ಬರೀ ಗಾಳಿಯಲ್ಲಿ ಹಂಚುವ ಕೆಲಸಕ್ಕೆ ಅದಕ್ಕೆ ತಾಕತ್ತಿದೆ. ಇಲ್ಲಿ ಒಂದು ಎಡವಟ್ಟು ಮಾಡಿದೆ. ಅದರೊಳಗಿನ ವಿಳಾಸ ಹಂಚುವ ಕೆಲಸವನ್ನು ಆಫ್ ಮಾಡದೆ ಮನೆ ನೆಟ್‌ವರ್ಕಿಗೆ ಸಿಕ್ಕಿಸಿದೆ. ಕೆಲವು ಫೋನಿಗೆ ನನ್ನ ಡಬ್ಬ ವಿಳಾಸ ಕೊಡುತ್ತಿತ್ತು, ಕೆಲವಕ್ಕೆ ಅದು. ನನ್ನ ಫೋನಿಗೆ ಬರುತ್ತದೆ, ಹೆಂಡತಿ ಫೋನಿಗೆ ಇಲ್ಲ. ಅರ್ಧ ಗಂಟೆ ಬಿಟ್ಟರೆ ಉಲ್ಟಾ. ಒಂದು ಮನೆಗೆ ಇಬ್ಬರು ಯಜಮಾನರಾದರೆ ಹೀಗೇ ಅಲ್ವಾ. ಅದರ ಡಿಎಚ್‌ಸಿಪಿ, ಅಂದರೆ ಆ ವಿಳಾಸ ಹಂಚುವ ಕೆಲಸ, ಆರಿಸಿ, ವಯರನ್ನು ಹೊರಗಿನ ಲೈನಿಗಿರುವ ವ್ಯಾನ್ ತೂತಿನಿಂದ ತೆಗೆದು ಮನೆ ಕಡೆಯ ಲ್ಯಾನ್ ತೂತಿಗೆ ಹಾಕಿದ ಮೇಲೆ ಸರಿಯಾಯಿತು.

ದೊಡ್ಡಪ್ಪನ ಮನೆಗೆ ವಯರ್ ಎಳೆದದ್ದು ಮಾರ್ಚ್‌ನಲ್ಲಿ, ಮೆಣಸು ಕುಯ್ಲು ಮುಗಿದ ಮೇಲೆ. ಮೆಣಸಿನ ಏಣಿ ಖಾಲಿ ಇತ್ತು, ಏಣಿ ಹತ್ತುವವರೂ ಸಿಕ್ಕರು. ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು. ಸಿಲ್ವರ್ ಓಕಿನಿಂದ ಸಿಲ್ವರ್ ಓಕಿಗೆ ಕಟ್ಟಿಕೊಂಡು ಹೋದಾಗ 85 ಆಯಿತು. ಕೆಳಗೆ ಇನ್ನೊಂದು ವೈಫೈ ಡಬ್ಬ ಇಟ್ಟೆ. ದೊಡ್ಡಪ್ಪ ಜಗಲಿಯಲ್ಲಿ ಕೂತು ಮೊಮ್ಮಗಳ ಮುಖ ನೋಡಿದರು. "ಎಂಥದಾ ಇದು, ಎದುರು ಕೂತ ಹಾಗೆ ಉಂಟು," ಅಂದರು. ಮೂರು ವಾರ ಹಾಗೇ ನಡೆಯಿತು.

ಏಪ್ರಿಲ್‌ನ ಒಂದು ಸಂಜೆ ಗುಡುಗು ಶುರುವಾಯಿತು. ಹೂಮಳೆ ಆಗಲೇ ಬಂದು ಹೋಗಿತ್ತು, ಇದು ಆಮೇಲಿನದು, ಸಿಡಿಲಿನ ಮಳೆ. ಕಣದ ಆಚೆ ಎಲ್ಲೋ ಬಿತ್ತು. ನಮ್ಮ ಮನೆಗೂ ಬೀಳಲಿಲ್ಲ, ದೊಡ್ಡಪ್ಪನ ಮನೆಗೂ ಬೀಳಲಿಲ್ಲ. ಆದರೂ ಎಸ್‌ಪಿ ರೋಡಿನ ಕಾರ್ಡ್ ಹೋಯಿತು, ನೆಟ್‌ವರ್ಕ್ ವಯರುಗಳನ್ನು ಒಟ್ಟು ಸೇರಿಸುವ ಸ್ವಿಚ್ಚಿನ ಎರಡು ತೂತು ಹೋದವು, ಕೆಳಗಿನ ವೈಫೈ ಡಬ್ಬದಿಂದ ಸುಟ್ಟ ವಾಸನೆ. ಎರಡು ಮನೆಯ ನೆಲದ ನಡುವೆ ಆ ಕ್ಷಣಕ್ಕೆ ವೋಲ್ಟೇಜ್ ವ್ಯತ್ಯಾಸ ಏಳುತ್ತದೆ. ಅವೆರಡನ್ನೂ ಜೋಡಿಸುವ ತಾಮ್ರದ ತಂತಿಯೊಂದನ್ನು ನಾನೇ ಮರದ ಮೇಲೆ ಕಟ್ಟಿಕೊಟ್ಟಿದ್ದೆ. ಕೊಡಗಿನಲ್ಲಿ ಹುಟ್ಟಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ತೋಟದ ಪಂಪ್‌ಸೆಟ್ ಹೀಗೆ ಸುಟ್ಟದ್ದನ್ನು ನೋಡಿದ್ದೇನೆ.

ಎರಡನೇ ಸಲ ಫೈಬರ್ ಎಳೆದೆ. ಗಾಜಿನೊಳಗೆ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಎರಡೂ ತುದಿಗೆ ಕನೆಕ್ಟರ್ ಹಾಕಿಯೇ ಬರುವ 100 ಮೀಟರ್ ಸುರುಳಿ, ತಾಮ್ರದ ಸಿಗ್ನಲನ್ನು ಬೆಳಕಾಗಿಸಿ ಮತ್ತೆ ತಿರುಗಿಸುವ ಎರಡು ಮೀಡಿಯಾ ಕನ್ವರ್ಟರ್. ಒಂದು ಇಲ್ಲಿ, ಒಂದು ಅಲ್ಲಿ. ಹೊರಗೆ ಎಳೆಯುವ ಫೈಬರಿನ ಜೊತೆ ಎಳೆತ ತಡೆಯಲು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಎರಡೂ ಕಡೆ ಮರದಲ್ಲೇ ಬಿಗಿದು ಕತ್ತರಿಸಿದೆ. ಮನೆಯೊಳಗೆ ಬರುವುದು ಬರೀ ಗಾಜು. ಟಿವಿ ಕೇಬಲ್ ಮನೆ ಹೊಗುವ ಜಾಗದಲ್ಲೂ ಹೆಚ್ಚಿನ ಕರೆಂಟನ್ನು ನೆಲಕ್ಕಿಳಿಸುವ ಒಂದು ಅರ್ಥ್ ಬ್ಲಾಕ್ ಹಾಕಿಸಿದೆ. ಇಷ್ಟಾದರೂ ಗುಡುಗಿದರೆ ಎದ್ದು ಹೋಗಿ ಕೇಬಲ್ ತಿರುಪು ಬಿಚ್ಚುತ್ತೇನೆ. ನಾನು ಮರೆತರೆ ಕೆಳಗಿನಿಂದ ದೊಡ್ಡಪ್ಪ ಕೂಗುತ್ತಾರೆ, "ವಯರ್ ತೆಗೆದ್ಯಾ?"

ಜೂನ್ ಬಂತು. ಜೋರು ಮಳೆ ಬಂದ ದಿನ ಇಂಟರ್ನೆಟ್ ಹೋಗುತ್ತದೆ, ಮಳೆ ಬಿಟ್ಟ ಐದಾರು ಗಂಟೆ ಆದಮೇಲೆ ಬರುತ್ತದೆ. ನಾನು ಮೊದಲು ಅನುಮಾನಪಟ್ಟಿದ್ದು ನನ್ನ ಡಬ್ಬವನ್ನೇ. ಮೂರು ದಿನ ನಿಯಮಗಳನ್ನು ತಿದ್ದಿದೆ, ಒಂದು ಸಲ ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ಕೇಬಲ್ ಹುಡುಗ ಬಂದಾಗ ಯಾವಾಗಲೂ ಬಿಸಿಲು. "ಅಣ್ಣ, ಲೈನ್ ಸರಿ ಉಂಟು. ನಿಮ್ಮ ಆ ಲಿನಕ್ಸೋ ಎಂಥದೋ, ಅದ್ರದ್ದೇ ಪ್ರಾಬ್ಲಂ," ಅಂತ ಹೇಳಿ ಹೋದ. ಅವನ ಎದುರು ವಾದ ಮಾಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಕೇಬಲ್ ಮೋಡೆಮ್‌ಗಳು ಸಾಮಾನ್ಯವಾಗಿ 192.168.100.1 ಅನ್ನುವ ವಿಳಾಸದಲ್ಲಿ ತಮ್ಮದೇ ಒಂದು ಪುಟ ಇಟ್ಟುಕೊಂಡಿರುತ್ತವೆ. ಅದನ್ನು ತೆರೆದರೆ ತಂತಿಯಲ್ಲಿ ಎಷ್ಟು ಬಲದ ಸಿಗ್ನಲ್ ಬರುತ್ತಿದೆ, ಮೋಡೆಮ್ ಎಷ್ಟು ಜೋರಾಗಿ ಕೂಗುತ್ತಿದೆ ಅಂತ ಅಂಕಿ ಕಾಣುತ್ತದೆ. ಲೆಕ್ಕ ಡಿಬಿಎಂವಿಯಲ್ಲಿ, ಸಿಗ್ನಲ್ ಬಲ ಅಳೆಯುವ ಮಾನ ಅದು. ಡಬ್ಬ ಹೇಗೂ ಇಪ್ಪತ್ತನಾಲ್ಕು ಗಂಟೆ ಓಡುತ್ತದೆ. ಐದು ನಿಮಿಷಕ್ಕೊಮ್ಮೆ ಆ ಪುಟ ಓದಿ ಒಂದು ಫೈಲಿಗೆ ಬರೆಯುವ ಹಾಗೆ ನಾಲ್ಕು ಸಾಲಿನ ಸ್ಕ್ರಿಪ್ಟ್ ಹಾಕಿದೆ. ಮಳೆ ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಬಿಟ್ಟಿತು ಅಂತ ದೊಡ್ಡಪ್ಪ ಬರೆದರು. ಅವರಿಗೆ ಅದು ಹೊಸದಲ್ಲ. ನಮ್ಮ ಕಡೆ ಮಳೆ ಅಳೆದು ಬರೆಯದ ತೋಟದವರು ಕಡಿಮೆ, ಇಂಚು ಸೆಂಟಿನಲ್ಲಿ ಇವತ್ತಿಗೂ.

ಹತ್ತು ದಿನದಲ್ಲಿ ಚಿತ್ರ ಸಿಕ್ಕಿತು. ಒಣ ದಿನ ಮೋಡೆಮ್ 44ರಲ್ಲಿ ಮಾತಾಡುತ್ತಿತ್ತು. ಜೋರು ಮಳೆ ಶುರುವಾಗಿ ಒಂದು ಗಂಟೆಗೆ 47, ಆಮೇಲೆ 50, 52. ಅದರ ಬೆನ್ನಿಗೇ ಲೈನ್ ಕಟ್. ಮೋಡೆಮ್ ದನಿ ಕೇಳದಿದ್ದಾಗ ಇನ್ನೂ ಜೋರಾಗಿ ಹೇಳು ಅಂತ ಆಚೆ ಕಡೆಯ ಯಂತ್ರ ಹೇಳುತ್ತದೆ. ಅದು ಗಂಟಲು ಹರಿಯುವವರೆಗೆ ಕೂಗಿ ಸುಸ್ತಾಗುತ್ತದೆ. ದಾರಿಯಲ್ಲಿ ಏನೋ ಒಂದು ನೀರು ಕುಡಿಯುತ್ತಿದೆ ಅಂತ ಅರ್ಥ. ಇದರಲ್ಲಿ ಲಿನಕ್ಸಿನ ಪಾತ್ರ ಸೊನ್ನೆ.

ಆದರೆ ಒಣ ದಿನವೂ 44 ಜಾಸ್ತಿಯೇ. ಅದರ ತಪ್ಪು ನಮ್ಮ ಮನೆಯೊಳಗೇ ಇತ್ತು, ಹೇಳಲು ನಾಚಿಕೆ. ಟಿವಿ ಹಿಂದೆ ಒಂದು ನಾಲ್ಕು ದಾರಿಯ ಸ್ಪ್ಲಿಟರ್. ಹಿಂದೊಮ್ಮೆ ಮೂರು ಕೋಣೆಗೆ ಟಿವಿ ಇದ್ದಾಗಿನದು. ಈಗ ಎರಡು ದಾರಿ ಖಾಲಿ. ಆ ಸಣ್ಣ ಡಬ್ಬಿ ಸುಮಾರು 7 ಡಿಬಿ ತಿನ್ನುತ್ತದೆ, ಅಂದರೆ ಬಂದ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಮಾತ್ರ ಆಚೆ ಬರುತ್ತದೆ. ಅದನ್ನು ತೆಗೆದು ಎರಡು ದಾರಿಯದು ಹಾಕಿದೆ, ಅದು ತಿನ್ನುವುದು ಮೂರೂವರೆ. 44 ಇದ್ದದ್ದು 41ಕ್ಕೆ ಇಳಿಯಿತು.

ಉಳಿದದ್ದಕ್ಕೆ ಆ ಫೈಲನ್ನು ಪ್ರಿಂಟ್ ಮಾಡಿಸಿ ಕೇಬಲ್‌ನವರ ಆಫೀಸಿಗೆ ಹೋದೆ. ಈ ಸಲ ಮಳೆಯಲ್ಲೇ ಬಂದರು. ರಸ್ತೆಯಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ, ಗೇಟಿನಿಂದ ಮೂರನೇ ಸಿಲ್ವರ್ ಓಕಿನ ಮೇಲೆ ಒಂದು ಜಾಯಿಂಟ್ ಇತ್ತು. ಬರೀ ಕರೀ ಟೇಪ್ ಸುತ್ತಿದ್ದರು. ಹುಡುಗ ಅದನ್ನು ಬಿಚ್ಚಿ ಕೇಬಲ್ ತುದಿ ಕೆಳಗೆ ಮಾಡಿದರೆ ನೀರು ಹನಿಹನಿಯಾಗಿ ಸುರಿಯಿತು. ಒಳಗಿನ ಜಾಲರಿ ಹಸಿರುಗಟ್ಟಿತ್ತು. ಒಂದು ಮೊಳ ಕತ್ತರಿಸಿ ಬಿಸಾಡಿ, ಹೊಸ ಕನೆಕ್ಟರ್ ಒತ್ತಿ, ರಬ್ಬರ್ ಟೋಪಿ ಹಾಕಿದ. ಜಾಯಿಂಟಿನ ಎರಡೂ ಕಡೆ ಕೇಬಲನ್ನು ಕೆಳಗೆ ಬಾಗಿಸಿ ಕಟ್ಟು ಅಂದೆ. ನೀರು ಕೇಬಲ್ ಮೇಲೆ ಹರಿದು ಬಂದು ಜಾಯಿಂಟಿಗೆ ಹೋಗುವ ಬದಲು ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಹಂಚಿನ ಮಾಡಿನ ಅಂಚಿಗೆ ತಗಡು ಬಾಗಿಸುವ ಹಾಗೆಯೇ. ಅವನಿಗೂ ಇದು ಗೊತ್ತಿತ್ತು. "ದಿನಕ್ಕೆ ಹದಿನೈದು ಮನೆ ಅಣ್ಣ, ಎಲ್ಲಾ ಕಡೆ ಮಾಡ್ಲಿಕ್ಕೆ ಟೈಮ್ ಎಲ್ಲಿ," ಅಂದ. ಅವನಿಗೆ ಕಾಫಿ ಕೊಟ್ಟೆವು. ಮಳೆಯಲ್ಲಿ ಮರ ಹತ್ತುವುದು ಅವನು, ಬೈಸಿಕೊಳ್ಳುವುದೂ ಅವನು.

ಜುಲೈನಲ್ಲಿ ಕರೆಂಟಿನ ಕತೆ. ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಡಬ್ಬವನ್ನು ಇನ್ವರ್ಟರ್ ಮೇಲೆ ಇಟ್ಟಿದ್ದೆ, ಅದು ಮೊದಲ ಸಂಜೆಗೇ ಮುಗಿಯಿತು. ಅದು ಇದ್ದಾಗಲೂ ಇಂಟರ್ನೆಟ್ ಬರಲಿಲ್ಲ ಅನ್ನಿ. ಕೇಬಲ್ ಲೈನಿನಲ್ಲಿ ಅಲ್ಲಲ್ಲಿ ಆಂಪ್ಲಿಫೈಯರ್‌ಗಳಿವೆ, ಅವಕ್ಕೂ ಕರೆಂಟ್ ಬೇಕು. ಊರಿಗೇ ಕರೆಂಟ್ ಇಲ್ಲದಾಗ ನಾನೊಬ್ಬ ಇನ್ವರ್ಟರ್ ಹಾಕಿಕೊಂಡು ಕೂತರೆ ಏನು ಬಂತು. ಮೂರನೇ ದಿನ ಬೆಳಿಗ್ಗೆ ಕರೆಂಟ್ ಬಂತು, ಮೋಡೆಮ್ ದೀಪ ಹತ್ತಿತು, ಡಬ್ಬದ ಫ್ಯಾನ್ ತಿರುಗುತ್ತಿತ್ತು, ಇಂಟರ್ನೆಟ್ ಮಾತ್ರ ಇಲ್ಲ. ಮಾನಿಟರ್ ಕೆಳಗಿನ ಮನೆಯಲ್ಲಿತ್ತು. ಪ್ಲಾಸ್ಟಿಕ್ ಸುತ್ತಿ, ತಲೆ ಮೇಲೆ ಕೊಡೆ ಹಿಡಿದು, ಜಿಗಣೆ ಕೊಡವಿಕೊಂಡು ಹೊತ್ತು ತಂದೆ. ಸಿಕ್ಕಿಸಿ ನೋಡಿದರೆ ಪರದೆ ಮೇಲೆ ಒಂದು ಸಾಲು: ತಾರೀಖು ಮರೆತಿದ್ದೇನೆ, ಮುಂದುವರಿಯಲು ಎಫ್1 ಒತ್ತಿ. ಒತ್ತಲು ಕೀಬೋರ್ಡೇ ಇಲ್ಲ. ಕರೆಂಟ್ ಇಲ್ಲದಾಗ ತಾರೀಖು ನೆನಪಿಡಲು ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್, ಸಿಆರ್2032, ಸತ್ತುಹೋಗಿತ್ತು. ಕುಶಾಲನಗರದಲ್ಲಿ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಸೆಲ್. ಅದನ್ನು ಬದಲಾಯಿಸಿ, ಕರೆಂಟ್ ಬಂದಾಗ ತಾನಾಗಿ ಏಳು ಅನ್ನುವ ಆಯ್ಕೆಯನ್ನು ಬಯಾಸ್‌ನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ, ಹಾಕಿದೆ. ಹಳೇ ಕಂಪ್ಯೂಟರನ್ನು ರೂಟರ್ ಮಾಡುವವರು ಈ ಎರಡನ್ನೂ ಮೊದಲ ದಿನವೇ ಮಾಡಿಬಿಡಿ.

ಕರೆಂಟ್ ಬಿಲ್ ಕೂಡ ಕಣ್ಣಿಗೆ ಬಿತ್ತು. ಅಳೆದರೆ ಡಬ್ಬ 62 ವ್ಯಾಟ್ ತಿನ್ನುತ್ತಿತ್ತು. ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45ರ ಹತ್ತಿರ. ದೀಪಾವಳಿ ಹೊತ್ತಿಗೆ ಎರಡು ಕಿಂಡಿಯಿರುವ, ಫ್ಯಾನ್ ಇಲ್ಲದ, ಅಂಗೈಯಗಲದ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ತಂದೆ. ಅದು 9 ವ್ಯಾಟ್. ಹಳೇ ಡಬ್ಬದ ಸೆಟ್ಟಿಂಗ್ ಫೈಲುಗಳನ್ನು ಕಾಪಿ ಮಾಡಿ, ಕಿಂಡಿಗಳ ಹೆಸರು ಬದಲಾಯಿಸಿದೆ, ಅಷ್ಟೇ. ಮೋಡೆಮ್ ಆರಿಸಿ ಹಚ್ಚುವುದನ್ನು ಈ ಸಲ ಮರೆಯಲಿಲ್ಲ.

ಇಷ್ಟರಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆಯೇ. ಕೇಬಲ್‌ನಲ್ಲಿ ಇಳಿಯುವ ದಾರಿ ಅಗಲ, ಏರುವ ದಾರಿ ಕಿರಿದು. ನಮ್ಮದು ಅಳೆದಾಗ ಇಳಿಯಲು 40 ಎಂಬಿಪಿಎಸ್, ಏರಲು 4. ಯಾರದೋ ಫೋನ್ ಮದುವೆ ಫೋಟೋಗಳನ್ನು ಮೇಲಕ್ಕೆ ಕಳಿಸಲು ಶುರು ಮಾಡಿದರೆ ದೊಡ್ಡಪ್ಪನ ವಿಡಿಯೋ ಕಾಲ್ ಕಲ್ಲಾಗುತ್ತಿತ್ತು. ಒಂದು ಸಣ್ಣ ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆಯುವ ಪಿಂಗ್ ಹಾಕಿದರೆ 20 ಮಿಲಿಸೆಕೆಂಡ್ ಇದ್ದದ್ದು 800, 900. ಸಂಜೆ ಕಾಫಿ ಹಣ್ಣು ತೂಗುವ ಜಾಗ ನೆನಪಿಸಿಕೊಳ್ಳಿ. ಹತ್ತು ಚೀಲದವನು ಮುಂದೆ ನಿಂತರೆ ಒಂದು ಸಣ್ಣ ಗಂಟು ಹಿಡಿದ ಅಜ್ಜಿ ಕತ್ತಲಾಗುವವರೆಗೆ ಕಾಯಬೇಕು. ಮೋಡೆಮ್‌ನೊಳಗೆ ಇಂಥದೇ ಉದ್ದದ ಸಾಲು. ಲಿನಕ್ಸಿನಲ್ಲಿ ಕೇಕ್ ಅಂತ ಒಂದು ಸೌಕರ್ಯ ಇದೆ, 2018ರ 4.19 ಕರ್ನೆಲ್‌ನಿಂದ ಜೊತೆಗೇ ಬರುತ್ತದೆ. ಅದು ಪ್ರತಿಯೊಬ್ಬರದ್ದೂ ಒಂದೊಂದು ಚೀಲ ಸರದಿಯಲ್ಲಿ ತೂಗಿಸುತ್ತದೆ. ಒಂದೇ ಷರತ್ತು, ಸಾಲು ನಿಲ್ಲುವುದು ಮೋಡೆಮ್‌ನಲ್ಲಿ ಅಲ್ಲ, ನಮ್ಮ ಡಬ್ಬದಲ್ಲಿ ಆಗಬೇಕು. ಅದಕ್ಕೆ ಏರುವ ವೇಗವನ್ನು 4ರ ಬದಲು ಮೂರೂವರೆಗೆ ಕಟ್ಟಿಹಾಕಿದೆ. ಅರ್ಧ ಎಂಬಿ ಬಿಟ್ಟುಕೊಟ್ಟದ್ದಕ್ಕೆ ಪಿಂಗ್ ಎಂಥ ಹೊತ್ತಲ್ಲೂ 35 ದಾಟುವುದಿಲ್ಲ. ಟೈಪ್ ಮಾಡಿದ್ದು ಒಂದೇ ಸಾಲು. ಅಂಗಡಿಯ ಆ ರೂಟರಿನಲ್ಲಿ ಇದು ಇರಲಿಲ್ಲ.

ಆಗದೇ ಹೋದದ್ದೂ ಇದೆ. ಬೆಂಗಳೂರಿಗೆ ಹೋದಾಗ ಅಲ್ಲಿಂದ ಮನೆಯ ಡಬ್ಬಕ್ಕೆ ನೇರವಾಗಿ ಬರಲಾಗುವುದಿಲ್ಲ. ಕೇಬಲ್‌ನವರು ನನಗೆ ಕೊಟ್ಟ ವಿಳಾಸ 100.70 ಅಂತ ಶುರುವಾಗುತ್ತದೆ. ಅದು ಕಂಪನಿಗಳ ಒಳಬಳಕೆಗೆ ಅಂತ 2012ರಲ್ಲಿ ಎತ್ತಿಟ್ಟ ಗುಂಪಿನದು. ಹಳೇ ಪದ್ಧತಿಯಲ್ಲಿ ಇಡೀ ಲೋಕಕ್ಕೆ ಇರುವುದು ಸುಮಾರು 430 ಕೋಟಿ ವಿಳಾಸ, ಎಲ್ಲರಿಗೂ ಒಂದೊಂದು ಸಾಲದು. ಹಾಗಾಗಿ ನನ್ನ ರೈಟರ್ ಮೇಲೆ ಅವರದ್ದೂ ಒಬ್ಬ ರೈಟರ್. ತಿಂಗಳ ಬಾಡಿಗೆಗೆ ಹೊರಗೆ ಒಂದು ಸಣ್ಣ ಸರ್ವರ್ ತೆಗೆದುಕೊಂಡು, ವೈರ್‌ಗಾರ್ಡ್ ಅನ್ನುವ ಪ್ರೋಗ್ರಾಂನಿಂದ ಮನೆಯ ಡಬ್ಬಕ್ಕೊಂದು ಸುರಂಗ ಕೊರೆದು ಸುತ್ತು ದಾರಿಯಲ್ಲಿ ಬರುತ್ತೇನೆ.

ಪಕ್ಕದ ತೋಟದವರು ನಮಗೂ ಒಂದು ಎಳೆ ಕೊಡು ಅಂದರು. ಇಲ್ಲ ಅಂದೆ. ಒಂದೇ ಆವರಣದ ಮನೆಯವರಿಗೆ ಹಂಚಿದ್ದನ್ನು ಕೇಬಲ್‌ನವರಿಗೆ ಹೇಳಿಯೇ ಮಾಡಿದ್ದು. ಬೇಲಿ ದಾಟಿದರೆ ಅದು ಬೇರೆ ವ್ಯವಹಾರ. ಅಲ್ಲಿ ಯಾರು ಏನು ನೋಡಿದರೂ ಕೇಳಿಕೊಂಡು ಬರುವುದು ನನ್ನ ಹೆಸರಿಗೆ. ಅವರಿಗೆ ಸ್ವಲ್ಪ ಬೇಜಾರಾಯಿತು.

ಹೋದ ತಿಂಗಳು ಕೇಬಲ್ ಹುಡುಗ ಬಂದಿದ್ದ. ಈ ತಂತಿ ತೆಗೆದು ಮನೆವರೆಗೂ ಫೈಬರ್ ಎಳೆಯುತ್ತಾರಂತೆ. ಮೋಡೆಮ್ ಜಾಗಕ್ಕೆ ಇನ್ನೊಂದು ಡಬ್ಬ ಬರುತ್ತದೆ. ನನ್ನ ಕಡೆ ಕೇಕ್‌ನ ಆ ಒಂದು ಸಂಖ್ಯೆ ಬದಲಾಯಿಸಿದರೆ ಸಾಕಾಗಬಹುದು. ಯಾವಾಗ ಅಂತ ಕೇಳಿದೆ. "ಮಳೆ ಮುಗೀಲಿ ಅಣ್ಣ," ಅಂದ. ಹೋದ ವರ್ಷವೂ ಇದೇ ಮಾತು ಹೇಳಿದ್ದ.